ಪಾಸ್ತಾ ಸಲಾಡ್: ಕೋಸಂಬರಿಯ ಹದ, ಮೂರು ಎಚ್ಚರ

ಸಣ್ಣ ಪೇಟೆಯ ದಿನಸಿ ಅಂಗಡಿಯಲ್ಲೂ ಈಗ ಪಾಸ್ತಾ ಪೊಟ್ಟಣ ಸಿಗುತ್ತದೆ. ಮನೆಗೆ ತಂದವರು ಹೆಚ್ಚಾಗಿ ಅದನ್ನು ಈರುಳ್ಳಿ, ಟೊಮೆಟೊ, ಮಸಾಲೆ ಪುಡಿ ಹಾಕಿ ಉಪ್ಪಿಟ್ಟಿನ ಹಾಗೆ ಬಿಸಿಬಿಸಿಯಾಗಿ ಮಾಡಿ ಬಡಿಸುತ್ತಾರೆ. ಅದೂ ರುಚಿಯೇ. ಆದರೆ ಪಾಸ್ತಾದ ತವರಾದ ಇಟಲಿಯಲ್ಲಿ ಬೇಸಿಗೆ ಬಂತೆಂದರೆ ಇನ್ನೊಂದು ರೂಢಿ ಇದೆ. ಬೇಯಿಸಿದ ಪಾಸ್ತಾವನ್ನು ಆರಿಸಿ, ಹಸಿ ತರಕಾರಿ, ಆಲಿವ್ ಎಣ್ಣೆ, ಹುಳಿ, ಪರಿಮಳದ ಸೊಪ್ಪು ಬೆರೆಸಿ ತಣ್ಣಗೆ ತಿನ್ನುತ್ತಾರೆ. ಗ್ರೀಸ್ ದೇಶದ ಹಳ್ಳಿಗಳ ಸಲಾಡ್‌ನಲ್ಲಿರುವ ಸೌತೆಕಾಯಿ, ಟೊಮೆಟೊ, ಆಲಿವ್ ಕಾಯಿ, ಉಪ್ಪಾದ ಚೀಸ್ ಇದಕ್ಕೆ ಸೇರಿದರೆ ಮೆಡಿಟರೇನಿಯನ್ ಪಾಸ್ತಾ ಸಲಾಡ್ ಎಂದು ಕರೆಯುವ ತಿಂಡಿ ಸಿದ್ಧ.

ರಾಮನವಮಿಯ ಕೋಸಂಬರಿ ಮಾಡಿ ಗೊತ್ತಿರುವವರಿಗೆ ಇದು ಕಷ್ಟದ ಕೆಲಸವಲ್ಲ. ಒಗ್ಗರಣೆ ಇಲ್ಲ, ಮಸಾಲೆ ಅರೆಯುವುದಿಲ್ಲ, ಒಲೆಯ ಮುಂದೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಬೇಕಿಲ್ಲ. ಆದರೂ ಮೂರು ಕಡೆ ಎಡವುವವರಿದ್ದಾರೆ. ಪಾಸ್ತಾ ಆರಿಸಿ ಬೇಯಿಸುವುದರಲ್ಲಿ ಒಂದು. ಚೀಸ್ ಹಾಲಿನದ್ದು, ಆದ್ದರಿಂದ ಸಸ್ಯಾಹಾರವೇ ಎಂದು ನಂಬಿಬಿಡುವುದರಲ್ಲಿ ಇನ್ನೊಂದು. ಉಳಿದದ್ದನ್ನು ಮರುದಿನಕ್ಕೆ ಇಡುವುದರಲ್ಲಿ ಮೂರನೆಯದು. ಈ ಮೂರನ್ನು ತಿಳಿದುಕೊಂಡರೆ ಉಳಿದದ್ದು ಹೆಚ್ಚಿ ಕಲಸುವ ಕೆಲಸ ಅಷ್ಟೆ.

ಪಾಸ್ತಾ ಎಂದರೆ ಕಣಕ

ಇಟಾಲಿಯನ್ ಭಾಷೆಯಲ್ಲಿ ಪಾಸ್ತಾ ಎಂದರೆ ಕಲಸಿದ ಹಿಟ್ಟು, ಅಂದರೆ ಕಣಕ. ಗೋಧಿ ರವೆಗೆ ನೀರು ಹಾಕಿ ಗಟ್ಟಿಯಾಗಿ ಕಲಸಿ, ಅಚ್ಚಿನ ತೂತುಗಳಿಂದ ಒತ್ತಿ ಒಣಗಿಸಿದರೆ ಅಂಗಡಿಯಲ್ಲಿ ಸಿಗುವ ಒಣ ಪಾಸ್ತಾ ಆಗುತ್ತದೆ. ಶ್ಯಾವಿಗೆ ಒತ್ತಿ ಒಣಗಿಸುವ ಪದ್ಧತಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಮಾರ್ಕೊ ಪೋಲೊ ಚೀನಾದಿಂದ ಪಾಸ್ತಾ ತಂದ ಎಂಬ ಕಥೆ ಬಹಳ ಪ್ರಚಾರದಲ್ಲಿದೆ, ಆದರೆ ಅದು ನಿಜವಲ್ಲ. ಅವನು ವೆನಿಸ್‌ಗೆ ಮರಳಿದ್ದು 1295ರಲ್ಲಿ. ಅದಕ್ಕೂ ಬಹಳ ಮೊದಲೇ, 1154ರಲ್ಲಿ, ಅರಬ್ ಭೂಗೋಳಜ್ಞ ಅಲ್ ಇದ್ರಿಸಿ ಸಿಸಿಲಿ ದ್ವೀಪದ ಟ್ರಾಬಿಯಾ ಎಂಬ ಊರಿನಲ್ಲಿ ಒಣ ಪಾಸ್ತಾ ತಯಾರಾಗಿ ಹಡಗಿನಲ್ಲಿ ಹೊರಗೆ ಹೋಗುತ್ತಿತ್ತು ಎಂದು ಬರೆದಿದ್ದಾನೆ.

ಒಳ್ಳೆಯ ಪಾಸ್ತಾಕ್ಕೆ ಬಳಸುವುದು ಚಪಾತಿಯ ಗೋಧಿಯನ್ನಲ್ಲ. ಡ್ಯೂರಮ್ ಎಂಬ ಗಟ್ಟಿ ಗೋಧಿಯನ್ನು. ಡ್ಯೂರಮ್ ಎಂದರೆ ಲ್ಯಾಟಿನ್‌ನಲ್ಲಿ ಗಟ್ಟಿ ಎಂದೇ ಅರ್ಥ. ಇದರ ರವೆ ಹಳದಿ ಬಣ್ಣದ್ದು, ಬೆಂದರೂ ಕರಗಿ ಅಂಟಾಗುವುದಿಲ್ಲ. ಇಟಲಿಯಲ್ಲಿ 1967ರ ಕಾನೂನು ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯಿಂದಲೇ ಮಾಡಬೇಕೆಂದು ವಿಧಿಸಿತು. ಹೊರದೇಶಗಳಿಂದ ಬರುವ ಪಾಸ್ತಾಕ್ಕೆ ಈ ಷರತ್ತು ಹಾಕುವಂತಿಲ್ಲ ಎಂದು 1988ರಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಟ್ಟರೂ, ಇಟಲಿಯಲ್ಲಿ ತಯಾರಿಸಿ ಅಲ್ಲೇ ಮಾರುವವರಿಗೆ ನಿಯಮ ಉಳಿದಿದೆ.

ಡ್ಯೂರಮ್‌ಗೆ ನಮ್ಮ ಗಡಿ ಸೀಮೆಯಲ್ಲೇ ಒಬ್ಬ ಹಿರಿಯ ನೆಂಟನಿದ್ದಾನೆ. ವಿಜಯಪುರ, ಬೆಳಗಾವಿ ಕಡೆಯ ಜವೆ ಗೋಧಿ ಅಥವಾ ಸದಕ, ಸೊಲ್ಲಾಪುರ ಕಡೆಯಲ್ಲಿ ಮರಾಠಿಯ ಖಪ್ಲಿ, ತಮಿಳಿನ ಸಾಂಬಾ ಗೋದುಮೈ ಎಲ್ಲವೂ ಒಂದೇ ಜಾತಿ. ಡ್ಯೂರಮ್ ಗೋಧಿ ಹುಟ್ಟಿದ್ದು ಈ ಜಾತಿಯಿಂದಲೇ. ಜವೆ ಗೋಧಿಯ ಶ್ಯಾವಿಗೆ ಪಾಯಸದಲ್ಲಿ ಮುದ್ದೆಯಾಗದೆ ಎಳೆ ಎಳೆಯಾಗಿ ನಿಲ್ಲುತ್ತದೆ ಎಂಬುದನ್ನು ಆ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪಾಸ್ತಾಕ್ಕೆ ಬೇಕಾದ ಗುಣವೂ ಅದೇ.

ಪೊಟ್ಟಣ ಕೊಳ್ಳುವಾಗ

ಕಡಿಮೆ ಬೆಲೆಯ ಕೆಲವು ಮ್ಯಾಕರೋನಿಗಳಲ್ಲಿ ಮೈದಾ ಬೆರೆತಿರುತ್ತದೆ. ಬಿಸಿ ಅಡುಗೆಗೆ ನಡೆಯುತ್ತದೆ, ಸಲಾಡ್‌ಗೆ ಆಗದು. ಆರಿದ ಮೇಲೆ ಒಂದಕ್ಕೊಂದು ಅಂಟಿ ಉಂಡೆಯಾಗುತ್ತದೆ. ಪೊಟ್ಟಣದ ಹಿಂಭಾಗದ ಪದಾರ್ಥ ಪಟ್ಟಿಯಲ್ಲಿ 'ಡ್ಯೂರಮ್ ವೀಟ್ ಸೆಮೊಲಿನಾ' ಎಂದು ಮೊದಲಲ್ಲೇ ಇದ್ದರೆ ಸರಿ. ಆಕಾರದಲ್ಲಿ ಸುರುಳಿ ಸುತ್ತಿದ ಫ್ಯುಸಿಲಿ, ಗೀರು ಇರುವ ಕೊಳವೆಯಂಥ ಪೆನ್ನೆ, ಚಿಟ್ಟೆಯಂಥ ಫಾರ್ಫಾಲೆ ಒಳ್ಳೆಯವು. ಸಂದುಗೊಂದುಗಳಲ್ಲಿ ಎಣ್ಣೆ ಹುಳಿ ನಿಲ್ಲುತ್ತದೆ. ಉದ್ದನೆಯ ಸ್ಪಾಗೆಟಿ ಸಲಾಡ್‌ಗೆ ಒಗ್ಗುವುದಿಲ್ಲ.

ಸಸ್ಯಾಹಾರಿಗಳು ಇನ್ನೊಂದು ವಿಷಯ ನೋಡಬೇಕು. ಕೆಲವು ಬಗೆಯ ಪಾಸ್ತಾಕ್ಕೆ ಮೊಟ್ಟೆ ಹಾಕಿ ಕಲಸುತ್ತಾರೆ. ಭಾರತದಲ್ಲಿ ಮಾರುವ ಪೊಟ್ಟಣದ ಮೇಲೆ ಹಸಿರು ಚೌಕದೊಳಗೆ ಹಸಿರು ಬೊಟ್ಟು ಇದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೆ ಮೊದಲು ಕಂದು ಬೊಟ್ಟು ಇತ್ತು, 2020ರ ಲೇಬಲ್ ನಿಯಮಗಳು ಅದನ್ನು ಕಂದು ತ್ರಿಕೋನಕ್ಕೆ ಬದಲಿಸಿವೆ. ಮೊಟ್ಟೆ ಇರುವ ಆಹಾರಕ್ಕೂ ಇದೇ ಕಂದು ಗುರುತು. ಆದರೆ ಗಲ್ಫ್‌ನಿಂದ ರಜೆಗೆ ಬಂದ ನೆಂಟರು ತಂದ ಡಬ್ಬಿ, ಬಾಟಲಿಗಳ ಮೇಲೆ ಈ ಗುರುತು ಇರುವುದಿಲ್ಲ. ಅಲ್ಲಿ ಪದಾರ್ಥ ಪಟ್ಟಿಯನ್ನು ಓದುವುದೇ ದಾರಿ.

ಚೀಸ್ ಎಲ್ಲವೂ ಸಸ್ಯಾಹಾರವಲ್ಲ

ಮೊಸರು ಮಾಡಲು ಹೆಪ್ಪು ಬೇಕು. ಪನೀರ್ ಮಾಡಲು ನಿಂಬೆಹುಳಿ ಸಾಕು. ಚೀಸ್‌ಗೆ ಬೇಕಾದದ್ದು ರೆನೆಟ್ ಎಂಬ ಕಿಣ್ವ. ಹಾಲು ಕುಡಿಯುವ ಎಳೆಗರುವಿನ ಹೊಟ್ಟೆಯಲ್ಲಿ ಹಾಲನ್ನು ಗಟ್ಟಿ ಮಾಡಲು ಈ ಕಿಣ್ವ ಇರುತ್ತದೆ. ಯುರೋಪಿನಲ್ಲಿ ಹಿಂದಿನಿಂದಲೂ ಮಾಂಸಕ್ಕಾಗಿ ಕೊಂದ ಕರುವಿನ ಹೊಟ್ಟೆಯ ಪೊರೆಯಿಂದ ಅದನ್ನು ತೆಗೆದು ಚೀಸ್ ಮಾಡುತ್ತಾರೆ. ಪಾರ್ಮೆಸಾನ್ ಎಂದು ಪ್ರಸಿದ್ಧವಾದ ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು, ಉಪ್ಪು, ಕರುವಿನ ರೆನೆಟ್ ಇವು ಮೂರನ್ನೇ ಬಳಸಬೇಕು ಎಂಬುದು ಅದರ ನಿಯಮ. ಕುರಿ ಹಾಲಿನ ಪೆಕೊರಿನೊ ರೊಮಾನೊ ಚೀಸ್‌ಗೆ ಕುರಿಮರಿಯ ರೆನೆಟ್ ಹಾಕುತ್ತಾರೆ. ಹಾಗಾಗಿ ಈ ಚೀಸ್‌ಗಳು ಹಾಲಿನದ್ದಾದರೂ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಆಗಿಬರುವುದಿಲ್ಲ.

ಸೂಕ್ಷ್ಮಜೀವಿಗಳಿಂದ ಪಡೆಯುವ ರೆನೆಟ್ ಕೂಡ ಇದೆ. ಪಟ್ಟಿಯಲ್ಲಿ 'ಮೈಕ್ರೋಬಿಯಲ್ ರೆನೆಟ್' ಅಥವಾ 'ವೆಜಿಟೇರಿಯನ್ ರೆನೆಟ್' ಎಂದಿದ್ದರೆ ಚಿಂತೆಯಿಲ್ಲ. ಬರೀ 'ರೆನೆಟ್' ಎಂದಷ್ಟೇ ಇದ್ದರೆ ಅದು ಪ್ರಾಣಿಯದ್ದೂ ಆಗಿರಬಹುದು. ಚೀಸ್ ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಪೆಸ್ಟೊ ಎಂಬ ಹಸಿರು ಚಟ್ನಿಯ ಬಾಟಲಿಯಲ್ಲಿ ಸಾಮಾನ್ಯವಾಗಿ ಇಂಥ ಚೀಸ್ ಇರುತ್ತದೆ. ಇನ್ನೊಂದು ಅಪಾಯ ಆಂಚೊವಿ ಎಂಬ ಸಣ್ಣ ಮೀನು. ಸೀಸರ್ ಸಲಾಡ್‌ನ ಸಿದ್ಧ ಸಾಸ್‌ನಲ್ಲಿ ಅದು ಇರಬಹುದು. ಸ್ಪೇನ್‌ನ ಕೆಲವು ಹಸಿರು ಆಲಿವ್‌ಗಳ ಹೊಟ್ಟೆಯೊಳಗೆ ಅದನ್ನೇ ತುಂಬಿರುತ್ತಾರೆ.

ಗ್ರೀಕ್ ಸಲಾಡ್‌ಗೆ ಹಾಕುವುದು ಫೆಟಾ ಚೀಸ್. ಕುರಿ ಹಾಲಿನಿಂದ, ಬೇಕಾದರೆ 30 ಶೇಕಡಾ ಮೀರದಂತೆ ಮೇಕೆ ಹಾಲು ಸೇರಿಸಿ, ಗ್ರೀಸ್‌ನಲ್ಲೇ ಮಾಡಿ ಉಪ್ಪುನೀರಿನಲ್ಲಿ ಮಾಗಿಸಿದ್ದಕ್ಕೆ ಮಾತ್ರ ಈ ಹೆಸರು ಸಲ್ಲಬೇಕೆಂದು ಐರೋಪ್ಯ ಒಕ್ಕೂಟ 2002ರಲ್ಲಿ ನಿಯಮ ಮಾಡಿದೆ. ಬೆಲೆಯೂ ಹೆಚ್ಚು, ರೆನೆಟ್‌ನ ಪ್ರಶ್ನೆಯೂ ಇದೆ. ಮನೆಯ ಪನೀರ್‌ಗೆ ಉಪ್ಪು ಮತ್ತು ನಿಂಬೆಯ ನೀರು ಹಿಡಿಸಿದರೆ ಫೆಟಾ ಆಗಿಬಿಡುವುದಿಲ್ಲ. ಆದರೆ ಸಲಾಡ್‌ಗೆ ಫೆಟಾದಿಂದ ಬೇಕಾದ ಉಪ್ಪು, ಹುಳಿ, ಹಾಲಿನ ರುಚಿ ಮೂರೂ ಸಿಗುತ್ತವೆ. ರೆನೆಟ್‌ನ ಗೊಡವೆಯೂ ಇಲ್ಲ.

ಆ ಕಡಲ ತೀರದ ರುಚಿ

ಮೆಡಿಟರೇನಿಯನ್ ರುಚಿ ಎಂದರೆ ಮುಖ್ಯವಾಗಿ ಆಲಿವ್ ಎಣ್ಣೆ, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ, ನಿಂಬೆ, ಬೆಳ್ಳುಳ್ಳಿ ಮತ್ತು ಒಣಗಿದ ಓರೆಗಾನೊ ಸೊಪ್ಪು.

ಆಲಿವ್ ಕಾಯಿಯನ್ನು ಮರದಿಂದ ಕಿತ್ತು ಹಾಗೇ ತಿನ್ನಲಾಗದು, ಅಷ್ಟು ಕಹಿ. ಮಾವಿನ ಮಿಡಿಯನ್ನು ಭರಣಿಯಲ್ಲಿ ಉಪ್ಪಿಗೆ ಹಾಕುವಂತೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿಟ್ಟು ಕಹಿ ತೆಗೆಯುತ್ತಾರೆ. ಹಸಿರು ಎಂದರೆ ಎಳೆಯದು, ಕಪ್ಪು ಎಂದರೆ ಮಾಗಿದ್ದು. ಬಾಟಲಿಯಿಂದ ತೆಗೆದ ಆಲಿವ್ ಬಹಳ ಉಪ್ಪಾಗಿರುವುದರಿಂದ ಕುಡಿಯುವ ನೀರಿನಲ್ಲಿ ಒಮ್ಮೆ ತೊಳೆದು ಬಳಸುವುದು ಒಳ್ಳೆಯದು. ಆಲಿವ್ ಸಿಗದಿದ್ದರೆ ಬಿಟ್ಟುಬಿಡಬಹುದು, ಸಲಾಡ್ ಕೆಡುವುದಿಲ್ಲ.

ಎಣ್ಣೆಯಲ್ಲಿ 'ಎಕ್ಸ್‌ಟ್ರಾ ವರ್ಜಿನ್' ಎಂದರೆ ರಾಸಾಯನಿಕ ಬಳಸದೆ, ಹೆಚ್ಚು ಬಿಸಿ ಮಾಡದೆ ಕಾಯಿಯನ್ನು ಹಿಂಡಿ ತೆಗೆದ ಮೊದಲ ದರ್ಜೆಯ ಎಣ್ಣೆ. 'ಪೊಮೇಸ್' ಎಂದರೆ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಅದು ಹುರಿಯಲು ಕರಿಯಲು ಸರಿ, ಪರಿಮಳ ಇಲ್ಲದ್ದರಿಂದ ಸಲಾಡ್‌ಗೆ ಪ್ರಯೋಜನವಿಲ್ಲ. ಸಲಾಡ್‌ಗೆ ಎಣ್ಣೆಯನ್ನು ಹಸಿಯಾಗಿಯೇ ಹಾಕುವುದರಿಂದ ಚಿಕ್ಕ ಬಾಟಲಿಯಾದರೂ ಎಕ್ಸ್‌ಟ್ರಾ ವರ್ಜಿನ್ ಕೊಳ್ಳುವುದು ಲೇಸು. ಅದಿಲ್ಲದವರು ಸೂರ್ಯಕಾಂತಿ ಎಣ್ಣೆ ಹಾಕಬಹುದು. ತೆಂಗಿನೆಣ್ಣೆ ಮಾತ್ರ ಬೇಡ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟಿ ಪಾಸ್ತಾಕ್ಕೆ ಮೇಣದಂತೆ ಮೆತ್ತಿಕೊಳ್ಳುತ್ತದೆ.

ಓರೆಗಾನೊ ಪುಡಿ ಸಿಗದಿದ್ದರೆ ಹಿತ್ತಲಿನ ದೊಡ್ಡಪತ್ರೆ ಇದೆ. ಮಲಯಾಳದಲ್ಲಿ ಪನಿಕೂರ್ಕ, ತಮಿಳಿನಲ್ಲಿ ಕರ್ಪೂರವಳ್ಳಿ, ತೆಲುಗಿನಲ್ಲಿ ವಾಮು ಆಕು, ಮರಾಠಿಯಲ್ಲಿ ಪಾನ್ ಓವಾ ಎನ್ನುವುದು ಇದನ್ನೇ. ಗಿಡಗಳು ಬೇರೆ ಬೇರೆ. ಆದರೆ ಓರೆಗಾನೊಗೆ ಘಾಟು ಕೊಡುವ ಕಾರ್ವಕ್ರಾಲ್ ಎಂಬ ತೈಲಾಂಶ ದೊಡ್ಡಪತ್ರೆಯಲ್ಲೂ ಇದೆ. ಹಸಿ ಎಲೆ ಖಾರ, ಘಾಟು ಎರಡೂ ಆದ್ದರಿಂದ ಎರಡು ಎಲೆ ಸಾಕು, ಬಹಳ ಸಣ್ಣಗೆ ಹೆಚ್ಚಬೇಕು. ಇಟಲಿಯವರು ಹಾಕುವ ಬೇಸಿಲ್ ಸೊಪ್ಪು ತುಳಸಿಯಲ್ಲ, ನಮ್ಮ ಕಾಮಕಸ್ತೂರಿಯ ಜಾತಿಗೆ ಸೇರಿದ್ದು. ಪರಿಮಳ ಸ್ವಲ್ಪ ಬೇರೆಯಾದರೂ ನಾಲ್ಕು ಎಲೆ ಹರಿದು ಹಾಕಿದರೆ ಚೆನ್ನಾಗಿರುತ್ತದೆ.

ಬೇಕಾಗುವ ಸಾಮಗ್ರಿಗಳು (4 ಜನರಿಗೆ)

ಫ್ಯುಸಿಲಿ ಅಥವಾ ಪೆನ್ನೆ ಪಾಸ್ತಾ: 250 ಗ್ರಾಂ
ನೀರು: ಎರಡೂವರೆ ಲೀಟರ್, ಅದಕ್ಕೆ ಉಪ್ಪು 25 ಗ್ರಾಂ (ಸುಮಾರು ಒಂದೂವರೆ ದೊಡ್ಡ ಚಮಚ)
ಕಾಬೂಲಿ ಕಡಲೆ: ಅರ್ಧ ಲೋಟ, ರಾತ್ರಿ ನೆನೆಸಿ ಮೆತ್ತಗೆ ಬೇಯಿಸಿದ್ದು
ಗಟ್ಟಿ ಟೊಮೆಟೊ: 2
ಎಳೆ ಸೌತೆಕಾಯಿ (ಮುಳ್ಳುಸೌತೆ): 1. ಸಾಂಬಾರಿಗೆ ಹಾಕುವ ಮಂಗಳೂರು ಸೌತೆ ಆಗದು
ದೊಣ್ಣೆ ಮೆಣಸಿನಕಾಯಿ: 1
ಈರುಳ್ಳಿ: ಸಣ್ಣದು 1
ಬೀಜ ತೆಗೆದ ಆಲಿವ್: 10ರಿಂದ 12
ಪನೀರ್: 100 ಗ್ರಾಂ
ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ: 6 ದೊಡ್ಡ ಚಮಚ
ನಿಂಬೆರಸ: 2 ದೊಡ್ಡ ಚಮಚ
ಬೆಳ್ಳುಳ್ಳಿ: 1 ಎಸಳು
ಒಣ ಓರೆಗಾನೊ: 1 ಸಣ್ಣ ಚಮಚ, ಅಥವಾ ದೊಡ್ಡಪತ್ರೆ 2 ಎಲೆ
ಕಾಳುಮೆಣಸಿನ ಪುಡಿ: ಅರ್ಧ ಸಣ್ಣ ಚಮಚ
ಉಪ್ಪು: ರುಚಿಗೆ

ಈರುಳ್ಳಿ, ಬೆಳ್ಳುಳ್ಳಿ ತಿನ್ನದವರು ಎರಡನ್ನೂ ಬಿಟ್ಟು ನಿಂಬೆಯ ಸಿಪ್ಪೆಯನ್ನು ತುಸು ತುರಿದು ಹಾಕಬಹುದು. ಸಿಪ್ಪೆಯ ಹಳದಿ ಭಾಗ ಮಾತ್ರ ಬರಬೇಕು, ಒಳಗಿನ ಬಿಳಿ ಭಾಗ ಕಹಿ.

ಮಾಡುವ ವಿಧಾನ

1. ಒಂದು ಲೋಟ ಕಾಯಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ನಿಂಬೆರಸ ಬೆರೆಸಿ. ಪನೀರ್ ಅನ್ನು ಸಣ್ಣ ತುಂಡುಗಳಾಗಿ ಮಾಡಿ ಅದರಲ್ಲಿ ಮುಳುಗಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಇದಕ್ಕೆ ಬೇಕಾದ ನಿಂಬೆರಸ ಮೇಲಿನ ಲೆಕ್ಕಕ್ಕೆ ಸೇರಿಲ್ಲ.

2. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ. ಇಟಲಿಯ ಮನೆಗಳ ಲೆಕ್ಕ ಸುಲಭ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಉಪ್ಪು ಹೆಚ್ಚೆನಿಸಬಹುದು. ಆದರೆ ಬಹುಪಾಲು ಬಸಿದ ನೀರಿನ ಜೊತೆ ಹೋಗುತ್ತದೆ. ಪಾಸ್ತಾದ ಒಳಗೆ ಉಪ್ಪು ಹಿಡಿಯುವುದು ಬೇಯುವಾಗ ಮಾತ್ರ, ಆಮೇಲೆ ಹಾಕಿದ್ದು ಹೊರಗೇ ಉಳಿಯುತ್ತದೆ. ನೀರು ಮರಳಿ ಕುದಿಯುವಾಗಲೇ ಪಾಸ್ತಾ ಹಾಕಿ, ಮೊದಲ ಎರಡು ನಿಮಿಷ ತಿರುವುತ್ತಿರಿ. ತಳ ಹಿಡಿಯುವುದು, ಅಂಟಿಕೊಳ್ಳುವುದು ಆಗಲೇ. ಕುಕ್ಕರ್ ಬಳಸಬೇಡಿ, ಹದ ತಿಳಿಯುವುದಿಲ್ಲ.

3. ಪೊಟ್ಟಣದ ಮೇಲೆ 9ರಿಂದ 11 ನಿಮಿಷ ಎಂದಿದ್ದರೆ 11 ನಿಮಿಷವೇ ಬೇಯಿಸಿ. ಬಿಸಿಯಾಗಿ ತಿನ್ನುವ ಪಾಸ್ತಾ ಹಲ್ಲಿಗೆ ಸ್ವಲ್ಪ ಗಟ್ಟಿ ಸಿಗಬೇಕು. ಆದರೆ ಬೆಂದ ಹಿಟ್ಟಿನಂಶ ಆರಿದಂತೆ ಬಿಗಿಯುತ್ತದೆ. ಬಿಸಿ ಇಡ್ಲಿ ಮೆತ್ತಗಿದ್ದು ತಂಗಳಿಡ್ಲಿ ಗಟ್ಟಿಯಾಗುವುದು ಇದೇ ಕಾರಣಕ್ಕೆ. ಆದ್ದರಿಂದ ಸಲಾಡ್‌ನ ಪಾಸ್ತಾ ಪೂರ್ತಿ ಬೆಂದಿರಬೇಕು, ಒಡೆಯುವಷ್ಟು ಮಾತ್ರ ಬೇಯಬಾರದು.

4. ಪಾಸ್ತಾ ಬೇಯುವಷ್ಟರಲ್ಲಿ ಬೆಳ್ಳುಳ್ಳಿಯನ್ನು ಜಜ್ಜಿ, ನಿಂಬೆರಸ, ಮೆಣಸಿನ ಪುಡಿ, ಓರೆಗಾನೊ, ಚಿಟಿಕೆ ಉಪ್ಪು ಸೇರಿಸಿ. ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಚಮಚದಿಂದ ಕಡೆಯಿರಿ. ಮುಚ್ಚಳವಿರುವ ಬಾಟಲಿಗೆ ಎಲ್ಲವನ್ನೂ ಹಾಕಿ ಕುಲುಕಿದರೂ ಆದೀತು. ಎಣ್ಣೆ ಮೂರು ಪಾಲು, ಹುಳಿ ಒಂದು ಪಾಲು ಎಂಬುದು ನೆನಪಿಡಬೇಕಾದ ಅಳತೆ.

5. ಪಾಸ್ತಾ ಬಸಿಯಿರಿ. ತಣ್ಣೀರಿನಲ್ಲಿ ತೊಳೆಯಬೇಕೆಂದು ಹಲವರು ಹೇಳುತ್ತಾರೆ. ಕಾಯಿಸಿ ಆರಿಸಿದ ನೀರಿದ್ದರೆ ತೊಳೆಯಬಹುದು. ನೇರ ನಲ್ಲಿ ಅಥವಾ ಬಾವಿಯ ನೀರು ಬೇಡ. ಇದನ್ನು ಮತ್ತೆ ಬಿಸಿ ಮಾಡುವುದಿಲ್ಲವಾದ್ದರಿಂದ ನೀರಿನಲ್ಲಿ ಏನಿದೆಯೋ ಅದು ಹಾಗೇ ಹೊಟ್ಟೆಗೆ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಎಂದರೆ ಅಗಲವಾದ ತಟ್ಟೆಯಲ್ಲಿ ಪಾಸ್ತಾ ಹರಡಿ, ಬಿಸಿ ಇರುವಾಗಲೇ ಎಣ್ಣೆ ಹುಳಿಯ ಅರ್ಧ ಭಾಗವನ್ನು ಬೆರೆಸಿ, ಫ್ಯಾನಿನ ಕೆಳಗೆ ಆರಿಸುವುದು. ಚಿತ್ರಾನ್ನಕ್ಕೆ ಅನ್ನ ಹರಡಿ ಆರಿಸುವ ಹಾಗೆ. ಬಿಸಿ ಪಾಸ್ತಾ ರುಚಿಯನ್ನು ಹೀರಿಕೊಳ್ಳುತ್ತದೆ, ಒಂದಕ್ಕೊಂದು ಅಂಟುವುದೂ ಇಲ್ಲ.

6. ಕುಡಿಯುವ ನೀರಿನಲ್ಲಿ ತೊಳೆದ ತರಕಾರಿಗಳನ್ನು ಕಡಲೆಯ ಗಾತ್ರಕ್ಕಿಂತ ತುಸು ದೊಡ್ಡದಾಗಿ ಹೆಚ್ಚಿ. ಟೊಮೆಟೊ ತಿರುಳಿನ ನೀರು, ಬೀಜ ತೆಗೆದರೆ ಸಲಾಡ್ ನೀರಾಗುವುದಿಲ್ಲ. ಈರುಳ್ಳಿಯನ್ನು ಹತ್ತು ನಿಮಿಷ ನೀರಿನಲ್ಲಿಟ್ಟು ಹಿಂಡಿದರೆ ಘಾಟು ಇಳಿಯುತ್ತದೆ.

7. ಆರಿದ ಪಾಸ್ತಾಕ್ಕೆ ಬೆಂದ ಕಡಲೆ, ತರಕಾರಿ, ಆಲಿವ್ ಸೇರಿಸಿ. ಉಳಿದ ಎಣ್ಣೆ ಹುಳಿ ಹಾಕಿ ಹಗುರವಾಗಿ ಕಲಸಿ. ಕೊನೆಗೆ ಪನೀರ್ ಅನ್ನು ನೀರಿನಿಂದ ತೆಗೆದು ಉದುರಿಸಿ. ಉಪ್ಪಿನ ರುಚಿ ನೋಡುವುದು ಇದಾದ ಮೇಲೆ. ಪಾಸ್ತಾ, ಆಲಿವ್, ಪನೀರ್ ಮೂರರಲ್ಲೂ ಉಪ್ಪು ಇರುವುದರಿಂದ ಬಹಳ ಸಲ ಮತ್ತೆ ಹಾಕಬೇಕಾಗಿಯೇ ಬರುವುದಿಲ್ಲ. ಕೋಸಂಬರಿಗೆ ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಡುವಂತೆ ಇಲ್ಲೂ ಬಿಡುತ್ತದೆ. ಹಾಗಾಗಿ ತರಕಾರಿ ಸೇರಿಸುವ ಕೆಲಸ ಬಡಿಸುವ ಹೊತ್ತಿಗೆ ಹತ್ತಿರವಿರಲಿ.

ಎಷ್ಟು ಹೊತ್ತು ಇಡಬಹುದು

ಈ ತಿಂಡಿಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಅನ್ನ, ಪಾಸ್ತಾದಂಥ ಧಾನ್ಯದ ಅಡುಗೆಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅದರ ಬೀಜಾಣುಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿಯಬಲ್ಲವು. ಬೆಂದ ಪಾಸ್ತಾ ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇದ್ದರೆ ಅವು ಮೊಳೆತು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದಲೂ ಗೊತ್ತಾಗದಿರಬಹುದು.

ಇದು ಬರೀ ಹೆದರಿಕೆಯ ಮಾತಲ್ಲ. 2008ರಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಅಡುಗೆಮನೆಯಲ್ಲಿ ಹೊರಗೇ ಇದ್ದ ಸ್ಪಾಗೆಟಿಯನ್ನು ಬಿಸಿ ಮಾಡಿ ತಿಂದು, ಅದೇ ರಾತ್ರಿ ತೀರಿಕೊಂಡ. ವೈದ್ಯರು ಈ ಪ್ರಕರಣವನ್ನು 2011ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಾವು ಬಹಳ ಅಪರೂಪ. ಆದರೆ ವಾಂತಿ, ಭೇದಿ ಅಪರೂಪವಲ್ಲ. ಮಕ್ಕಳು, ವಯಸ್ಸಾದವರು ಬೇಗ ಬಳಲುತ್ತಾರೆ.

ಪಾಲಿಸಬೇಕಾದ ಲೆಕ್ಕ ಇಷ್ಟೇ. ಬೆಂದ ಆಹಾರ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದ ದಿನ ಒಂದು ಗಂಟೆ ಮಾತ್ರ. ಸೊಲ್ಲಾಪುರ, ಆದೋನಿ ಕಡೆಯ ಬೇಸಿಗೆಯಲ್ಲಾಗಲಿ, ಕಾಸರಗೋಡಿನ ಏಪ್ರಿಲ್ ಸೆಕೆಯಲ್ಲಾಗಲಿ ಒಂದು ಗಂಟೆಯ ಲೆಕ್ಕವೇ ಹಿಡಿಯಬೇಕು. ಫ್ರಿಜ್‌ನಲ್ಲಿ ಮುಚ್ಚಿಟ್ಟರೆ ಮರುದಿನ ತಿನ್ನಬಹುದು. ಗಂಟೆಗಟ್ಟಲೆ ಕರೆಂಟ್ ಹೋಗುವ ಊರಾದರೆ ಅಂದೇ ಮುಗಿಸುವುದು ಕ್ಷೇಮ. ಬಿಸಿ ಪಾಸ್ತಾವನ್ನು ಆಳವಾದ ಪಾತ್ರೆಯಲ್ಲಿ ಮುಚ್ಚಿಟ್ಟರೆ ನಡುಭಾಗ ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ತಟ್ಟೆಯಲ್ಲಿ ಹರಡಿ ಆರಿಸಲು ಹೇಳುವುದಕ್ಕೆ ಇದೂ ಒಂದು ಕಾರಣ.

ಬೆಳಿಗ್ಗೆ ಕಟ್ಟಿ ಮಧ್ಯಾಹ್ನ ತಿನ್ನುವ ಶಾಲೆಯ ಬುತ್ತಿಗೆ ಈ ಸಲಾಡ್ ಹೊಂದುವುದಿಲ್ಲ. ಪೊಟ್ಟಣದ ಮೇಲಿನ ಚಿತ್ರ ನೋಡಿ ಮಕ್ಕಳು ಹಟ ಹಿಡಿದರೂ ಭಾನುವಾರ ಮನೆಯಲ್ಲೇ ಮಾಡಿ ಕೊಡಿ. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನೂ ಒಟ್ಟಿಗೆ ಮಾಡಿ ಹೊರಗಿಡಬಾರದು. ಗಾಳಿಯಾಡದ ಎಣ್ಣೆಯೊಳಗೆ ಹಸಿ ಬೆಳ್ಳುಳ್ಳಿಯಿಂದ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟುವ ಅಪಾಯವಿದೆ. ಆಯಾ ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಬಡಿಸುವಾಗ

ಫ್ರಿಜ್‌ನಲ್ಲಿಟ್ಟ ಸಲಾಡ್‌ನಲ್ಲಿ ಆಲಿವ್ ಎಣ್ಣೆ ಮಂಜುಮಂಜಾಗಿ ಗಟ್ಟಿಯಾಗಿರುತ್ತದೆ. ಅದು ಕೆಟ್ಟದ್ದರ ಲಕ್ಷಣವಲ್ಲ. ಇಪ್ಪತ್ತು ನಿಮಿಷ ಮೊದಲೇ ಹೊರಗಿಟ್ಟರೆ ಕರಗುತ್ತದೆ. ಅಷ್ಟರಲ್ಲಿ ಪಾಸ್ತಾ ಹುಳಿಯನ್ನೆಲ್ಲ ಹೀರಿಕೊಂಡು ಸಪ್ಪೆಯಾಗಿರುವುದರಿಂದ ಅರ್ಧ ನಿಂಬೆ ಹಿಂಡಿ, ಒಂದು ಚಮಚ ಎಣ್ಣೆ ಬಿಟ್ಟು ಮತ್ತೊಮ್ಮೆ ಕಲಸಿದರೆ ರುಚಿ ಮರಳುತ್ತದೆ.

ಆಲಿವ್ ಕಾಯಿ, ಓರೆಗಾನೊ ಇಲ್ಲದೆಯೂ, ಪೇಟೆಗೆ ಹೋಗದೆಯೂ ಇದರ ಮುಕ್ಕಾಲು ಭಾಗ ಮನೆಯಲ್ಲೇ ಸಿಗುತ್ತದೆ. ಸೌತೆ, ಟೊಮೆಟೊ, ಕಡಲೆ, ಪನೀರ್, ನಿಂಬೆ, ದೊಡ್ಡಪತ್ರೆ ಎಲ್ಲವೂ ಊರಿನವೇ. ಹೊರಗಿನಿಂದ ಬರಬೇಕಾದದ್ದು ಒಂದು ಪೊಟ್ಟಣ ಪಾಸ್ತಾ, ಒಂದು ಚಿಕ್ಕ ಬಾಟಲಿ ಎಣ್ಣೆ. ಅವೆರಡನ್ನೂ ಕೊಳ್ಳುವ ಮುನ್ನ ಲೇಬಲ್ ಓದಿದರೆ ಆಯಿತು.